ನೂರಕ್ಕೆ ಮೂವತ್ತೊಂದು

ಬಿ.ದುರ್ಗ
೨೯ ಜೂನ್ ೨೦೨೫, ಭಾನುವಾರ ಬೆಳಿಗ್ಗೆ

ಮನೆಯೊಡತಿ ಹುಲಿಗೆಮ್ಮನಿಗೆ, ನಿನ್ನ ಗಂಡ ಅಂಜನಪ್ಪ ಕನ್ನಡಕ ಒರೆಸಿಕೊಂಡು ಕೂತು ಪ್ರೀತಿಯಿಂದ ಬರೆಯುವ ಕಾಗದ.

ನೀನು ಹೇಗಿದ್ದೀಯ? ಬಲಗಾಲಿನ ಮಂಡಿ ನೋವು ಕಡಿಮೆಯಾಯಿತೇ, ಇಲ್ಲಾ ಮಗಳ ಮುಂದೆ ತೋರಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದೀಯಾ? ಹೊಸದುರ್ಗದ ಆ ಮನೆಗೆ ಹದಿನಾಲ್ಕು ಮೆಟ್ಟಿಲು, ನಾನು ಎಣಿಸಿದ್ದೇನೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಗಂಗಾಳಿಗೆ ಎಣ್ಣೆ ನೀರು ತಪ್ಪದೆ ಆಗುತ್ತಿದೆ ತಾನೆ? ಕೂಸಿಗೆ ಮೂರು ತಿಂಗಳು ತುಂಬುತ್ತಾ ಬಂತು, ಇನ್ನು ಮಗುಚಿಕೊಳ್ಳುವ ಹೊತ್ತು, ಮಂಚದ ಅಂಚಿನಲ್ಲಿ ಮಲಗಿಸಬೇಡಿ. ಅಳಿಯ ಜಯಕುಮಾರನಿಗೆ ನನ್ನ ಆಶೀರ್ವಾದ ಹೇಳು, ಆದರೆ ಈ ಕಾಗದ ಮಾತ್ರ ತೋರಿಸಬೇಡ. ಫೋನ್ ಇರುವಾಗ ಈ ಮುದುಕನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತಿದ್ದೀಯ, ಗೊತ್ತು. ಫೋನ್ ಮಾಡಿದರೆ ಅಳಿಯ ಸ್ಪೀಕರ್ ಹಾಕುತ್ತಾನೆ. ಬೀಗಿತ್ತಿ ಮಾತಾಡುತ್ತಾರೆ, ಪಕ್ಕದ ಮನೆಯವರೂ ಬಂದು ನನ್ನ ಆರೋಗ್ಯ ವಿಚಾರಿಸುತ್ತಾರೆ. ಅಷ್ಟು ಜನರ ನಡುವೆ ಹೇಳುವ ಮಾತಲ್ಲ ಇದು. ನೀನು ಏಳನೇ ಕ್ಲಾಸು ಪಾಸು ಮಾಡಿದವಳು, ಒಬ್ಬಳೇ ಕೂತು ಓದು.

ಮೊದಲು ಮನೆಯ ಸುದ್ದಿ. ಕೆಂದ ಹಸು ಹೆಣ್ಣುಕರು ಹಾಕಿದೆ. ಸೊಸೆ ಗಿಣ್ಣು ಮಾಡಿದ್ದಳು, ಚೆನ್ನಾಗಿಯೇ ಇತ್ತು. ಏಲಕ್ಕಿ ಸ್ವಲ್ಪ ಜಾಸ್ತಿಯಾಯಿತು ಎಂದು ನಾನು ಬಾಯಿ ತಪ್ಪಿ ಹೇಳಿದ್ದಕ್ಕೆ ಎರಡು ದಿನ ಉಪ್ಪಿಲ್ಲದ ಸಾರು ಉಂಡೆ. ನಿನ್ನ ಮಗ ಶಿವು ಮೆಕ್ಕೆಜೋಳ ಬಿತ್ತಿ ಮುಗಿಸಿದ್ದಾನೆ. ಆರಿದ್ರ ಮಳೆ ಎರಡು ದಿನ ಚೆನ್ನಾಗಿ ಹಿಡಿಯಿತು. ರಾಗಿ ಹೊಲ ಹದಕ್ಕೆ ಬಂದಿದೆ, ಪುನರ್ವಸು ಮಳೆ ಹುಟ್ಟಿದ ಕೂಡಲೇ ಬಿತ್ತಲು ಕೂರಿಗೆ ಕಟ್ಟಬೇಕು. ಹಾಗಾಗಿ ಈ ಗುರುವಾರ ಬೀಜ ಕೊಡುವ ದಿನ ಎಂದು ಊರಿನಲ್ಲಿ ಮಾತಾಗಿದೆ.

ಇನ್ನು ಮೊಮ್ಮಗಳು ಸುಚಿತ್ರಾಳ ಸಮಾಚಾರ. ಒಂಬತ್ತನೇ ಕ್ಲಾಸಿಗೆ ಬಂದವಳು ಹಿಂದಿ ಬಿಟ್ಟು ಕೃಷಿ ತಗೊಂಡಿದ್ದಾಳೆ ಎಂದು ನಿನಗೆ ಹೇಳಿದ್ದೆನಲ್ಲ. ಅವಳ ಹೈಸ್ಕೂಲಿಗೆ ಈ ವರ್ಷ ಹೊಸದಾಗಿ ಬಂದ ವಿಷಯ. ಬೇಕಾದವರು ಮೂರನೇ ಭಾಷೆಯ ಬದಲು ಅದನ್ನು ಓದಬಹುದು, ಪುಸ್ತಕ, ಪ್ರಾಕ್ಟಿಕಲ್, ಪರೀಕ್ಷೆ ಎಲ್ಲವೂ ಇವೆ. "ರಾಗಿ ಬಿತ್ತೋದು ಕಲಿಯಾಕೆ ಇಸ್ಕೂಲು ಬೇಕೇನೇ? ನಾನೇನು ಸತ್ತೀನಾ?" ಎಂದು ನಾನು ಆವತ್ತು ಎಷ್ಟು ಕೂಗಾಡಿದೆ! ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಹೊಲದಲ್ಲಿ ಒಂದು ಕಡೆ ಗುಂಡಿ ತೆಗೆಯುತ್ತಾಳೆ, ಸೊಟ್ಟಗೆ ಹತ್ತು ಹೆಜ್ಜೆ ಹೋಗುತ್ತಾಳೆ, ಇನ್ನೊಂದು ಗುಂಡಿ ತೆಗೆಯುತ್ತಾಳೆ. ಕಿವಿಯ ಓಲೆ ಕಳೆದುಕೊಂಡಳೇನೋ ಎಂದು ನಾನೂ ಹೋಗಿ ಅರ್ಧ ಗಂಟೆ ಬಗ್ಗಿ ಹುಡುಕಿದೆ. ಕೊನೆಗೆ ಕೇಳಿದರೆ ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುತ್ತಿದ್ದಳಂತೆ! ನನ್ನ ಸೊಂಟ ಇನ್ನೂ ಸರಿಹೋಗಿಲ್ಲ.

ಈ ಪಾಠ ಮಾಡಲು ಬಂದಿರುವ ಹುಡುಗಿಯ ಹೆಸರು ನಾಜಿಮಾ. ಚಿತ್ರದುರ್ಗದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅವರಪ್ಪ ಮಹಮ್ಮದ್ ಗೌಸ್ ಅವರದು ಗಡಿಯಾರ ರಿಪೇರಿ ಅಂಗಡಿ. ಅಂಗೈ ಅಗಲ ಹೊಲವಿಲ್ಲದ ಮನೆ, ಆದರೂ ಹಟ ಮಾಡಿ ಹಿರಿಯೂರಿನಲ್ಲಿ ಕೃಷಿ ಡಿಪ್ಲೊಮಾ ಓದಿದ್ದಾಳಂತೆ. ಬರುವ ತಿಂಗಳು ಮಕ್ಕಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ತೋಟ, ಹೊಲ ತೋರಿಸುತ್ತಾಳಂತೆ. ಈ ಹುಡುಗಿ ನಮ್ಮ ಮಕ್ಕಳಿಗೆ ಬೇಸಾಯ ಕಲಿಸುವುದಾ ಎಂದು ನಾನು ಟೀ ಅಂಗಡಿಯಲ್ಲಿ ಕೂತು ನಗಾಡಿದ್ದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಯಾರಾದರೂ ನಿನಗೆ ಹೇಳುತ್ತಾರೆ.

ಎರಡು ವಾರದ ಹಿಂದೆ ಆ ಮಿಸ್ ಇಪ್ಪತ್ತೆರಡು ಮಕ್ಕಳಿಗೂ ಒಂದು ಕೆಲಸ ಕೊಟ್ಟಳು. ಎಲ್ಲರೂ ಅವರವರ ಮನೆಯ ಬಿತ್ತನೆ ಬೀಜ ಒಂದು ಹಿಡಿ ತರಬೇಕು. ಅದರಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯ ಮೇಲೆ ಹತ್ತು ಸಾಲು ಜೋಡಿಸಿ, ಸುತ್ತಿ ಇಟ್ಟು, ನಾಲ್ಕನೇ ದಿನ ಬಿಚ್ಚಿ ಎಷ್ಟು ಮೊಳಕೆ ಬಂದಿದೆ ಎಂದು ಲೆಕ್ಕ ಹಾಕಬೇಕು. ಮೆಕ್ಕೆಜೋಳ ತಂದವರಿಗೆ ಸಲೀಸು. ರಾಗಿ ತಂದವರ ಪಾಡು ಕೇಳಬೇಡ, ಒಬ್ಬರು ಸೀನಿದರೆ ಮೂವರ ರಾಗಿ ಹಾರಿಹೋಗುತ್ತಿತ್ತಂತೆ. ಮಿಸ್ ತನ್ನ ಅಪ್ಪನ ಅಂಗಡಿಯಿಂದ ಗಡಿಯಾರದ ಸಣ್ಣ ಚಿಮುಟ ತಂದಿದ್ದಳಂತೆ. ಅದರಲ್ಲಿ ಒಂದೊಂದೇ ಕಾಳು ಹಿಡಿದು ಇಡುವುದನ್ನು ಸುಚಿತ್ರಾ ನನಗೆ ಮನೆಯಲ್ಲಿ ಅಭಿನಯ ಮಾಡಿ ತೋರಿಸಿದಳು. ನಾನು ನಕ್ಕೂ ನಕ್ಕೂ ಸುಸ್ತಾದೆ. ನಮ್ಮ ಮನೆಯ ರಾಗಿಗೂ ಪರೀಕ್ಷೆಯೇ? ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೇ ಸ್ವಲ್ಪ ಧೈರ್ಯ. ಅವ್ವನ ಕಾಲದಿಂದ ಊರಿನ ಹನ್ನೆರಡು ಮನೆಯವರು ತಮ್ಮ ರಾಗಿ ತಂದು ಸುರಿದು, ಅಷ್ಟೇ ಅಳತೆಯ ಬೀಜವನ್ನು ನಮ್ಮ ಮನೆಯಿಂದ ಒಯ್ಯುತ್ತಾರೆ. ಅಂಜನಪ್ಪನ ರಾಗಿ ಎಂದರೆ ಕಣ್ಣು ಮುಚ್ಚಿಕೊಂಡು ಬಿತ್ತಬಹುದು ಎಂದು ನಾನೇ ಎಷ್ಟು ಕಡೆ ಹೇಳಿಕೊಂಡು ತಿರುಗಿದ್ದೇನೆ. ನಮ್ಮ ಮನೆಯ ಧೈರ್ಯದಲ್ಲಿ ಹೆಚ್ಚಿನವರು ಬೀಜ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದಾರೆ.

ನಾಲ್ಕನೇ ದಿನ ಸಂಜೆ ಸುಚಿತ್ರಾ ಬ್ಯಾಗು ಇಳಿಸದೆ ನನ್ನ ಮುಂದೆ ಬಂದು ನಿಂತಳು. "ತಾತ, ನಮ್ ರಾಗಿ ನೂರಕ್ಕೆ ಮೂವತ್ತೊಂದೇ ಹುಟ್ಟೈತೆ" ಎಂದಳು. ಮೂರು ಸಲ ಎಣಿಸಿದ್ದಾಳಂತೆ. ನನಗೆ ಎಲ್ಲಿತ್ತೋ ಕೋಪ. ಶಾಲೆಯ ನೀರು ಸರಿಯಿಲ್ಲ ಎಂದೆ, ಬಟ್ಟೆಗೆ ಸೋಪು ಹತ್ತಿರಬೇಕು ಎಂದೆ, ನಿನ್ನ ಮಿಸ್‌ಗೆ ಎಣಿಕೆಯೇ ಬರುವುದಿಲ್ಲ ಎಂದೆ. ಅವಳು ರೆಕಾರ್ಡ್ ಪುಸ್ತಕ ತೆಗೆದು ಬರೆಯಲು ಕೂತಳು. ಹುಲಿಗೆಮ್ಮ, ಆಗ ನಾನು ಒಂದು ಕೆಲಸ ಮಾಡಿದೆ, ನಿನಗೆ ಹೇಳದೆ ಇರಲಾರೆ. ಇಂಗ್ಲಿಷ್ ಅಂಕಿಯ ಮೂರಕ್ಕೆ ಎಡಗಡೆಯಿಂದ ಎರಡು ಗೆರೆ ಸೇರಿಸಿದರೆ ಎಂಟಾಗುತ್ತದೆ, ಎಂಬತ್ತೊಂದು ಅಂತ ಬರಿ, ಯಾರು ಬಂದು ನೋಡುತ್ತಾರೆ ಎಂದು ಅವಳ ಕಿವಿಯಲ್ಲಿ ಹೇಳಿದೆ. ಮಗು ತಲೆಯೆತ್ತಿ ನನ್ನನ್ನು ನೋಡಿತು. "ತಾತ, ಪುಸ್ತಕದಾಗೆ ಎಂಬತ್ತೊಂದು ಬರೀಬೋದು. ಹೊಲದಾಗೆ ಹುಟ್ಟೋದು ಮೂವತ್ತೊಂದೇ ಅಲ್ಲೇನು?" ಎಂದಳು. ನನಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಎದ್ದು ದನದ ಕೊಟ್ಟಿಗೆಗೆ ಹೋಗಿ, ಹಾಕಿದ ಹುಲ್ಲನ್ನೇ ಎಳೆದು ಮತ್ತೆ ಹಾಕಿದೆ.

ಆದರೂ ಬುದ್ಧಿ ಬಂತೆಂದುಕೊಳ್ಳಬೇಡ. ಯಾರಿಗೂ ಕಾಣದಂತೆ ಹಿತ್ತಲಿನಲ್ಲಿ ನಾನೇ ಒಂದು ಪರೀಕ್ಷೆ ಮಾಡಿದೆ. ನನ್ನ ಹಳೆಯ ಪಂಚೆಯ ತುಂಡು, ನಮ್ಮ ಬಾವಿಯ ನೀರು, ನನ್ನ ಕೈಯಾರೆ ಎಣಿಸಿದ ನೂರು ಕಾಳು. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಎಣಿಸಿದೆ. ನಾಲ್ಕು ದಿನ ಹಗಲಿಗೆ ಹತ್ತು ಸಲ ಹೋಗಿ ನೋಡುತ್ತಿದ್ದೆ. ಹೊಟ್ಟೆ ಕೆಟ್ಟಿರಬೇಕೆಂದು ಸೊಸೆ ಮಜ್ಜಿಗೆ ಅನ್ನ ಹಾಕತೊಡಗಿದಳು. ಬಿಚ್ಚಿ ನೋಡಿದರೆ ಇಪ್ಪತ್ತೊಂಬತ್ತು! ಶಾಲೆಯವರು ನನಗೆ ಎರಡು ಕಾಳು ಜಾಸ್ತಿಯೇ ಕೊಟ್ಟಿದ್ದರು.

ಮಾರನೇ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋದೆ. ಜಗಳ ಮಾಡಲು ಹೋದೆನೋ ಕಾಲು ಹಿಡಿಯಲು ಹೋದೆನೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. "ಬರ್ರಿ ಅಂಜನಪ್ಪನೋರೆ, ಕುಂತ್ಕಳ್ರಿ" ಎಂದು ನಾಜಿಮಾ ಮಿಸ್ ಮಕ್ಕಳ ಬೆಂಚಿನ ಮೇಲೆ ಕೂರಿಸಿದಳು. ನಾನು ಕೊಂಡುಹೋಗಿದ್ದ ರಾಗಿಯನ್ನು ಅಂಗೈಯಲ್ಲಿ ಹರಡಿ ನೋಡಿದಳು, ಮೂಸಿದಳು, ಒಂದೆರಡು ಕಾಳು ಬಾಯಿಗೆ ಹಾಕಿ ಕಡಿದಳು. "ಮುದ್ದೆಗೆ ಏನೂ ತೊಂದ್ರೆ ಇಲ್ರಿ. ಅದ್ಕೇ ಯಾರಿಗೂ ಗೊತ್ತಾಗಿಲ್ಲ. ಇದನ್ನ ಹೆಂಗೆ ಇಟ್ಟಿದ್ರಿ?" ಎಂದು ಕೇಳಿದಳು.

ಹುಲಿಗೆಮ್ಮ, ಇಲ್ಲಿ ಸ್ವಲ್ಪ ನೀರು ಕುಡಿದು ಮುಂದೆ ಓದು. ಮಾರ್ಚಿನಲ್ಲಿ ಗಂಗಾಳಿಗೆ ನೋವು ಬಂತೆಂದು ನೀನು ಗಡಿಬಿಡಿಯಲ್ಲಿ ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನು ಹೇಳಿದ್ದೆ? ಬೀಜದ ರಾಗಿ ಮೂರು ಬಿಸಿಲು ಕಾಯಲಿ, ಬೂದಿ ಬೆರೆಸಿ ಲಕ್ಕಿ ಸೊಪ್ಪು ಹಾಕಿ ಮಣ್ಣಿನ ವಾಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಎಂದಿದ್ದೆ. ನೀನು ಹೇಳಿದ ಹಾಗೆಯೇ ಮಾಡಿದೆ ಎಂದು ನಾನು ಫೋನಿನಲ್ಲಿ ಹೇಳಿದೆ. ಮಾಡಿರಲಿಲ್ಲ. ಆ ವಾರ ಒಂದು ಅಕಾಲದ ಮಳೆ ಬಂದು ಚೀಲದ ಅಡಿ ನೆನೆದಿತ್ತು. ಒಂದು ಹೊತ್ತು ಬಿಸಿಲಿಗೆ ಹರಡಿದೆ. ಅಷ್ಟರಲ್ಲಿ ಹೊಳಲ್ಕೆರೆಯಲ್ಲಿ ವಾಲಿಬಾಲ್ ಪಂದ್ಯ, ಫೈನಲ್ಲು. ವಾಡೆ ತೊಳೆಯುವುದು, ಸೊಪ್ಪು ತರುವುದು ಯಾರು ಮಾಡುತ್ತಾರೆ ಎಂದು ಶಿವು ತಂದಿದ್ದ ಆ ಹೊಸ ನೀಲಿ ಡ್ರಮ್ಮಿಗೆ ಸುರಿದು, ಇಲಿ ಹೋಗದಂತೆ ಮುಚ್ಚಳ ಬಿಗಿದು, ಶೀಟಿನ ಕೋಣೆಯಲ್ಲಿ ಇಟ್ಟು ಓಡಿದೆ. ನಮ್ಮೂರಿನ ಟೀಮು ಸೋತಿತು, ಅದು ಬೇರೆ. ಅರ್ಧ ಹಸಿ ಬೀಜ ಎರಡು ತಿಂಗಳ ಬೇಸಿಗೆಯಲ್ಲಿ ಶೀಟಿನ ಕೆಳಗೆ ಡ್ರಮ್ಮಿನೊಳಗೆ ಬೆಂದಿದೆ. ಇದನ್ನೆಲ್ಲ ಆ ಹುಡುಗಿಯ ಮುಂದೆ ಒಂದೂ ಬಿಡದೆ ಹೇಳಿದೆ. ಆಯಮ್ಮ ನಗಲಿಲ್ಲ. "ಬೀಜಕ್ಕೂ ಜೀವ ಐತ್ರಿ, ಅದೂ ಉಸಿರಾಡ್ತೈತೆ. ಅಮ್ಮಾರು ಹೇಳಿದ್ದೇ ಸರಿ ಇತ್ತು, ನಾನು ಪುಸ್ತಕದಾಗೆ ಓದಿದ್ದೂ ಅದೇ" ಎಂದಳು. ನೀನು ಅವ್ವನಿಂದ ಕಲಿತದ್ದನ್ನು ಅವಳು ಕಾಲೇಜಿನಲ್ಲಿ ಓದಿ ಪಾಸಾಗಿದ್ದಾಳೆ.

ಏಳುವಾಗ ಗೋಡೆಯ ಮೇಲೆ ಮಕ್ಕಳು ಬರೆದು ಅಂಟಿಸಿದ್ದ ದೊಡ್ಡ ಹಾಳೆ ಕಾಣಿಸಿತು. ಮಗುವಿನ ಹೆಸರು, ಬೀಜದ ಹೆಸರು, ಮೊಳಕೆಯ ಲೆಕ್ಕ. ಕೊನೆಯಿಂದ ಎರಡನೆಯದು ಸುಚಿತ್ರಾ, ಅಂಜನಪ್ಪನ ರಾಗಿ, ಮೂವತ್ತೊಂದು. ನನಗಿಂತ ಕೆಳಗೆ ಸಂತೆಯಲ್ಲಿ ತಂದ ಹುರಿಗಡಲೆ ಇಟ್ಟಿದ್ದ ಒಬ್ಬ ಹುಡುಗ ಇದ್ದ, ಅವನದು ಸೊನ್ನೆ. ಎಲ್ಲರಿಗಿಂತ ಮೇಲೆ ದಾಕ್ಷಾಯಣಮ್ಮನ ಮೊಮ್ಮಗ ಗೋವರ್ಧನ, ತೊಂಬತ್ತನಾಲ್ಕು. ಬೀಜದ ಹೆಸರಿನ ಜಾಗದಲ್ಲಿ ಏನು ಬರೆದಿದ್ದ ಗೊತ್ತೇ? ಹುಲಿಗೆಮ್ಮನ ರಾಗಿ. ನಾನು ಎರಡು ಸಲ ಓದಿದೆ. ಹುಡುಗನನ್ನು ಕರೆದು ಯಾಕೋ ಹೀಗೆ ಬರೆದೆ ಎಂದು ಕೇಳಿದೆ. "ನಮ್ಮಜ್ಜಿ ಹಂಗೇ ಅಂತಾಳೆ ತಾತ. ಹೋದ್ ವರ್ಷ ನಿಮ್ ಮನೇಲಿ ತಂದಿದ್ ಬೀಜದ್ದೇ ರಾಗಿ ಇದು. ಹುಲಿಗೆಮ್ಮಜ್ಜಿ ಹೇಳ್ಕೊಟ್ಟಂಗೆ ಬೂದಿ ಹಾಕಿ ಇಟ್ಟೈತೆ. ಎಲ್ಲಾ ಹೆಂಗಸ್ರೂ ಹಂಗೇ ಅಂತಾರಲ್ಲ, ನಿಮಗೆ ಗೊತ್ತಿಲ್ವಾ?" ಎಂದ. ಗೊತ್ತಿರಲಿಲ್ಲ ಕಣೇ. ನಲವತ್ತೊಂದು ವರ್ಷ ನಾನು ಜಗಲಿಯ ಮೇಲೆ ಕೂತು ನನ್ನ ರಾಗಿ ನನ್ನ ರಾಗಿ ಎಂದು ಮೀಸೆ ತಿರುವಿದೆ. ಒಳಗೆ ನಿಮ್ಮ ಅಡುಗೆಮನೆಗಳಲ್ಲಿ ಅದಕ್ಕೆ ಬೇರೆ ಹೆಸರೇ ಇತ್ತು. ಸರಿಯಾದ ಹೆಸರು. ನೀನು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಮೊದಲು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ನಡೆದು ಬರುವ ದಾರಿಯಲ್ಲಿ ಹೆಮ್ಮೆಯಾಯಿತು. ಮನೆ ಮುಟ್ಟಿದ ಮೇಲೆ ಅಳು ಬಂತು, ಬಾವಿಗೆ ಹೋಗಿ ಮುಖ ತೊಳೆದುಕೊಂಡೆ.

ಹೊಳಲ್ಕೆರೆಗೆ ಹೋಗಿ ಪ್ಯಾಕೆಟ್ ಬೀಜ ತರೋಣ ಎಂದು ಶಿವು ಅಂದ. ನಮ್ಮ ಹೊಲಕ್ಕಾದರೆ ಸರಿ. ಹನ್ನೆರಡು ಮನೆಯವರು ಮೊರ ಹಿಡಿದು ಬಾಗಿಲಿಗೆ ಬಂದರೆ ಪ್ಯಾಕೆಟ್ ಹರಿದು ಕೊಡಲೇ? ಮೊದಲು ಅವರಿಗೆ ನಿಜ ಹೇಳಬೇಕು. ನಿನ್ನೆ ಬೆಳಿಗ್ಗೆ ಸುಚಿತ್ರಾಳನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಮನೆಗೆ ಹೋದೆ. ಈ ವರ್ಷ ನಮ್ಮ ಬೀಜ ಹುಟ್ಟುವುದಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಕೆಲವರಿಗೆ ನಂಬಿಕೆಯೇ ಬರಲಿಲ್ಲ, ಸುಚಿತ್ರಾ ಮೊಳಕೆಗೆ ಇಟ್ಟಿದ್ದ ಬಟ್ಟೆಯ ಸುರುಳಿ ಬಿಚ್ಚಿ ತೋರಿಸಿದಳು. ಕಾಟಲಿಂಗಪ್ಪ ಮಾತ್ರ "ಏನಪ್ಪ ಅಂಜನಪ್ಪ, ಕಣ್ಣು ಮುಚ್ಕಂಡು ಬಿತ್ತಿದ್ರೆ ಏನಾಗ್ತಿತ್ತು ನಮ್ ಗತಿ!" ಎಂದು ಕಿಚಾಯಿಸಿದ. ಅವನು ಹಾಗೆ ಅನ್ನದಿದ್ದರೆ ನನಗೆ ಬೇಜಾರಾಗುತ್ತಿತ್ತು. ಯಾರೂ ಬೈಯಲಿಲ್ಲ. ಬಿತ್ತುವ ಮೊದಲೇ ಗೊತ್ತಾಯಿತಲ್ಲ, ಆ ಇಸ್ಕೂಲ್ ಮಿಸ್ ದೇವರು ಬಂದಂಗೆ ಬಂದಳು ಎಂದರು. ಒಬ್ಬರಂತೂ ಮುಂದಿನ ವರ್ಷ ತಮ್ಮ ಮಗನಿಗೂ ಹಿಂದಿ ಬಿಡಿಸುತ್ತಾರಂತೆ.

ಕೊನೆಗೆ ದಾಕ್ಷಾಯಣಮ್ಮನ ಮನೆಗೆ ಹೋದೆ. ಅವರಲ್ಲಿ ಎರಡು ವಾಡೆ ತುಂಬ ಆ ತೊಂಬತ್ತನಾಲ್ಕರ ರಾಗಿ ಇದೆ, ಎಲ್ಲ ಮನೆಗೂ ಸಾಲುತ್ತದೆ. ಕೊಡುವ ಮನೆಯವನಾಗಿ ಬೆಳೆದವನು ಕೇಳುವವನಾಗಿ ಇನ್ನೊಬ್ಬರ ಹೊಸ್ತಿಲ ಮುಂದೆ ನಿಂತೆ. ಹೆಗಲ ಮೇಲಿನ ಟವೆಲ್ಲು ತೆಗೆದು ಎರಡೂ ಕೈಯಲ್ಲಿ ಚಾಚಿ, ದಾಕ್ಷಾಯಣಿ, ಹುಲಿಗೆಮ್ಮನ ರಾಗಿ ಒಂದಿಷ್ಟು ಬೇಕಿತ್ತಮ್ಮ ಎಂದೆ. ನಾನು ಆ ಹೆಸರಿನಲ್ಲಿ ಕರೆದದ್ದು ಅದೇ ಮೊದಲು. ಆಯಮ್ಮ ನನ್ನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಬೀಜದ ವಿಷಯ ಹೀಗೆ ಬಗೆಹರಿಯಿತು, ನೀನು ತಲೆ ಕೆಡಿಸಿಕೊಳ್ಳಬೇಡ.

ಇನ್ನೊಂದು ಮಾತು. ಬೀಜ ಇಡುವ ಪಾಠವನ್ನು ನೀನೇ ಬಂದು ಮಾಡಬೇಕು ಎಂದು ನಾಜಿಮಾ ಮಿಸ್ ಕೇಳಿದ್ದಾಳೆ, ನಿನ್ನನ್ನು ಕೇಳದೆಯೇ ನಾನು ಒಪ್ಪಿಕೊಂಡಿದ್ದೇನೆ. ನೀನು ಹೇಳಿದ್ದನ್ನು ಮಕ್ಕಳು ರೆಕಾರ್ಡಿನಲ್ಲಿ ಬರೆಯುತ್ತಾರಂತೆ, ಅದಕ್ಕೆ ಮಾರ್ಕ್ಸೂ ಇದೆಯಂತೆ. ಹೆದರಬೇಡ, ನನಗೆ ಇಷ್ಟು ವರ್ಷ ಮಾಡಿದಷ್ಟು ಪಾಠ ಮಾಡಿದರೂ ಮಕ್ಕಳು ಪಾಸಾಗುತ್ತಾರೆ. ಅದಕ್ಕೇನೂ ಅವಸರವಿಲ್ಲ, ಕೂಸನ್ನು ಚೆನ್ನಾಗಿ ನೋಡಿಕೊಂಡು ನಿಧಾನವಾಗಿ ಬಾ.

ಗಂಗಾಳಿಗೂ ಕೂಸಿಗೂ ಈ ತಾತನ ನೂರೊಂದು ಮುತ್ತು, ಬೀಗಿತ್ತಿಗೆ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಮನೆದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತು ನಿನ್ನವನೇ ಆದ
ಅಂಜನಪ್ಪ

ತಾ.ಕ.: ಹೊಸದುರ್ಗಕ್ಕೆ ಹೊರಟ ಪಂಚಾಕ್ಷರಪ್ಪ ಬೀದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸಬೇಕು. ಮೇಲೆ ಬೀಜದ ವಿಷಯ ಬಗೆಹರಿಯಿತು ಎಂದು ಬರೆದದ್ದು ಸುಳ್ಳು. ಒಂದು ಸುಳ್ಳಿಗೇ ಇಷ್ಟಾಗಿದೆ, ಇನ್ನೊಂದು ಬೇಡ. ದಾಕ್ಷಾಯಣಮ್ಮ ಕಾಫಿ ಕೊಟ್ಟಳೇ ಹೊರತು ನನ್ನ ಟವೆಲ್ಲಿಗೆ ಒಂದು ಕಾಳೂ ಹಾಕಲಿಲ್ಲ. "ಇಲ್ಲ ಅನ್ನಲ್ಲ ಅಂಜನಪ್ಪಣ್ಣ. ಮದ್ವೆಯಾಗಿ ಬಂದಾಗಿಂದ ಅಕ್ಕ ನನ್ ಮಡ್ಲಿಗೆ ಹಾಕೈತೆ. ಈ ಸಲ ನಾನು ಅಕ್ಕನ ಮಡ್ಲಿಗೇ ಹಾಕೋಳು. ಅಕ್ಕ ಅಲ್ಲಿಂದ ಎಲ್ಲಾರಿಗೂ ಕೊಡ್ಲಿ. ಕರ್ಕಂಡು ಬರ್ರಿ" ಎಂದಳು. ಉಳಿದ ಮನೆಯ ಹೆಂಗಸರದೂ ಅದೇ ಮಾತು, ನೀನು ಬರುವ ತನಕ ಯಾರೂ ಕೂರಿಗೆ ಕಟ್ಟುವುದಿಲ್ಲವಂತೆ. ಬುಧವಾರ ಬೆಳಿಗ್ಗೆ ಶಿವು ಕಾರು ಮಾಡಿಕೊಂಡು ಬರುತ್ತಾನೆ, ಗಂಗಾಳನ್ನೂ ಕೂಸನ್ನೂ ಕರೆದುಕೊಂಡೇ ಬಾ, ಬಾಣಂತನ ಇಲ್ಲೇ ಮುಂದುವರಿಯಲಿ. ಊರಿನವರು ಕೇಳಿದರೆಂದು ಕರೆಯುತ್ತ ಇದ್ದೇನೆ ಅಂದುಕೊಳ್ಳಬೇಡ. ನೀನು ಹೋದ ಮಾರನೇ ದಿನದಿಂದ ನಿನ್ನನ್ನು ಬಾ ಎನ್ನಲು ಒಂದು ನೆವ ಹುಡುಕುತ್ತಿದ್ದೆ. ಬಂದುಬಿಡು.